ಅರ್ಧ ಎಣಿಕೆ

ಕಿವಿಮಣಿ ಬಂದ ಮೇಲೆ ಊರಿನಲ್ಲಿ ಜಗಳ ಕಡಿಮೆಯಾಯಿತು ಎನ್ನುತ್ತಾರೆ. ಸುಳ್ಳು. ಜಗಳವೆಲ್ಲ ನನ್ನ ಕಿಟಕಿಗೆ ಬಂತು, ಅಷ್ಟೇ.

ನಾನು ಕುಮುದ. ಕೋಲಾರದ ನಾದಸೌಖ್ಯ ಕೇಂದ್ರದಲ್ಲಿ ತಾಂತ್ರಿಕ ಸಹಾಯಕಿ. ಬೆಳಗ್ಗೆ ನಿಯಂತ್ರಣ ಕೊಠಡಿಯ ಪರದೆಗಳ ಮುಂದೆ ಕೂರುತ್ತೇನೆ, ಮಧ್ಯಾಹ್ನ ದೂರು ಕಿಟಕಿಯ ಹಿಂದೆ. ಗದ್ದಲದಿಂದ ಜನರ ರಕ್ತದೊತ್ತಡ ಏರಿ, ನಿದ್ದೆ ಕೆಟ್ಟು, ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ, ಅಂದರೆ ಹನ್ನೊಂದು ವರ್ಷದ ಹಿಂದೆ, ಸರ್ಕಾರ ಎಲ್ಲರ ಕಿವಿಗೂ ಒಂದೊಂದು ಮಣಿ ಹಾಕಿಸಿತು. ಅಕ್ಕಿ ಕಾಳಿನಷ್ಟು ದಪ್ಪ. ಮಾತನ್ನು ಅದು ಮಾತಾಗಿಯೇ ಒಳಗೆ ಬಿಡುತ್ತದೆ. ಹಾರ್ನು, ಡ್ರಿಲ್ಲು, ಮೈಕುಗಳ ಅರಚಾಟವನ್ನು ತಡೆಯುತ್ತದೆ. ಆದರೆ ಶ್ರುತಿಯೋ ಲಯವೋ ಇರುವ ಸದ್ದು ಬಂದರೆ ಮಾತ್ರ ಅದರ ಕೆಲಸವೇ ಬೇರೆ. ಆ ಸದ್ದನ್ನು ಬಿಚ್ಚಿ, ಕಿವಿಯ ಹಿಂದೆ ಮಿಡಿಯುವ ನಾಡಿಯನ್ನು ಓದಿ, ಆ ಹೊತ್ತಿಗೆ ಆ ಮನುಷ್ಯನಿಗೆ ಹಿತವಾಗುವ ಹಾಗೆ ಹೊಸದಾಗಿ ಹೆಣೆದು ಕೊಡುತ್ತದೆ. ನಮ್ಮ ಕಡತಗಳಲ್ಲಿ ಇದಕ್ಕೆ 'ಹೊಂದಿಕೆ' ಎಂದು ಹೆಸರು.

ಹೊಂದಿಕೆ ಒಳ್ಳೆಯದೇ. ರಕ್ತದೊತ್ತಡ ಇಳಿಯಿತು. ಆದರೆ ಮನುಷ್ಯರು ಮನುಷ್ಯರೇ ತಾನೆ? "ಗಂಡನ ಗೊರಕೆ ಕೊಳಲಿನ ಹಾಗೆ ಕೇಳುತ್ತೆ, ಆದ್ರೂ ನಿದ್ದೆ ಬರ್ತಿಲ್ಲ" ಎಂದು ಒಬ್ಬಾಕೆ ದೂರು ಕೊಟ್ಟಿದ್ದಳು. ಗೊರಕೆ ಬೇಡವೋ, ಕೊಳಲು ಬೇಡವೋ, ಗಂಡನೇ ಬೇಡವೋ ಎಂದು ಕೇಳಿದ್ದಕ್ಕೆ ನನ್ನ ಮೇಲೇ ಇನ್ನೊಂದು ದೂರು ಬಂತು.

ಇಂಥ ಕಿಟಕಿಗೆ ಒಂದು ಮಧ್ಯಾಹ್ನ ತಿಮ್ಮರಾಯಪ್ಪನವರು ಬಂದರು. ಎಪ್ಪತ್ತು ದಾಟಿದ ವಯಸ್ಸು, ತುಂಬು ತೋಳಿನ ಬಿಳಿ ಅಂಗಿ, ಕಂಕುಳಲ್ಲಿ ಸುರುಳಿ ಸುತ್ತಿದ ಗ್ರಾಫ್ ಹಾಳೆಗಳು, ಎರಡೂ ಕಿವಿಗಳಲ್ಲಿ ಹತ್ತಿ.

"ಮೇಡಂ, ನಾನು ಬರೆದದ್ದು ಒಬ್ಬರಿಗೂ ತಲುಪ್ತಾ ಇಲ್ಲ" ಅಂದರು.

"ಅಂಚೆ ಕಚೇರಿ ಪಕ್ಕದ ಬೀದಿ" ಅಂದೆ.

"ಕಾಗದ ಅಲ್ಲಮ್ಮಾ. ಕೀರ್ತನೆ."

ತಲೆ ಎತ್ತಿ ನೋಡಿದೆ. ಅವರು ಹಾಳೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಿಸಿದರು. ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ನಕಾಶೆ ಬರೆದವರಂತೆ. ಹೊಲಗದ್ದೆಗಳ ಗಡಿ ಎಳೆದ ಅದೇ ಸಣ್ಣ ಮೊನೆಯ ಪೆನ್ನಿನಲ್ಲಿ ಸ್ವರಗಳನ್ನು ಬರೆದಿದ್ದರು. ಒಂದು ಚೌಕಕ್ಕೆ ಒಂದು ಸ್ವರ, ಎಂಟು ಚೌಕಕ್ಕೊಂದು ಕೆಂಪು ಗೆರೆ. ನಲವತ್ತೆರಡು ಕೀರ್ತನೆಗಳಂತೆ. ಗುರುಗಳಿಂದ ಕಲಿತದ್ದು ನಾಲ್ಕೇ ವರ್ಷ, ಉಳಿದದ್ದೆಲ್ಲ ಕೇಳಿ ಕೇಳಿ ಕಲಿತದ್ದು. ಕಛೇರಿ ಮಾಡಿದವರಲ್ಲ, ಮದುವೆಯಾದವರೂ ಅಲ್ಲ.

"ನಿಮಗೆ ಮಣಿ ಇಲ್ವಾ?"

"ಚಿಕ್ಕಂದಿನಿಂದ ಕಿವಿ ಸೋರುತ್ತೆ. ಕೀವು. ಅದಕ್ಕೆ ವಿನಾಯಿತಿ ಕೊಟ್ಟಿದ್ರು." ಜೇಬಿನಿಂದ ನಮ್ಮ ಕೇಂದ್ರದ್ದೇ ಒಂದು ನೋಟೀಸು ತೆಗೆದರು. "ಈಗ ಕಿವಿಯ ಹಿಂದಿನ ಮೂಳೆಗೆ ಅಂಟಿಸೋ ಮಣಿ ಬಂದಿದೆಯಂತಲ್ಲ. ಬರೋ ಒಂದನೇ ತಾರೀಖು ನಾನೂ ಹಾಕಿಸ್ಕೊಬೇಕು. ಅದಾದ ಮೇಲೆ ನಾನು ಹಾಡಿದ್ದು ನನಗೂ ಕೇಳಿಸಲ್ಲ."

ನೋಟೀಸಿನ ಪಟ್ಟಿಯಲ್ಲಿದ್ದದ್ದು ಅವರದೊಂದೇ ಹೆಸರು. ಇಡೀ ತಾಲ್ಲೂಕಿನಲ್ಲಿ ಬರಿ ಕಿವಿಯ ಕೊನೆಯ ಮನುಷ್ಯ ಇವರೇ ಎಂದು ನನಗೆ ಆಗ ಗೊತ್ತಾಯಿತು.

"ಈಗ ನಾನೇನು ಮಾಡ್ಬೇಕು ಹೇಳಿ."

"ಅಷ್ಟರೊಳಗೆ ಒಬ್ಬರು, ಯಾರಾದ್ರೂ ಒಬ್ಬರು, ನನ್ನ ಒಂದು ಕೀರ್ತನೆ ಇದ್ದದ್ದು ಇದ್ದ ಹಾಗೆ ಕೇಳ್ಬೇಕು. ಒಂದೇ ಸಲ. ಒಬ್ಬರ ಹೊಂದಿಕೆ ನಿಲ್ಲಿಸಿಕೊಡಿ."

"ಆಗಲ್ಲ. ವೈದ್ಯರ ಚೀಟಿ ಇಲ್ಲದೆ ಇನ್ನೊಬ್ಬರ ಮಣಿ ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ. ಅಲ್ಲದೆ ನೀವು ಹಾಡಿದ್ರೆ ಜನ ಮೆಚ್ಚಿಕೊಳ್ತಾರೋ ಇಲ್ವೋ?"

"ಮೆಚ್ಕೊಳ್ತಾರೆ."

"ಮತ್ತೆ ಇನ್ನೇನು ಬೇಕು ಸ್ವಾಮಿ ನಿಮಗೆ?"

ಅವರು ಹಾಳೆಗಳನ್ನು ಸುತ್ತಿಕೊಂಡರು. "ಭಾನುವಾರ ಹತ್ತು ಗಂಟೆಗೆ ಹಿಟ್ಟಿನ ಗಿರಣಿ ಮಹಡಿ ಮೇಲೆ ಹಾಡ್ತೀನಿ. ಬನ್ನಿ. ಬಂದು ಜನರ ಮುಖ ನೋಡ್ಬೇಡಿ, ಕೈ ನೋಡಿ."

ಹೋಗುವ ಮನಸ್ಸೇನೂ ಇರಲಿಲ್ಲ. ಆದರೆ ಭಾನುವಾರ ಮನೆಯಲ್ಲಿ ಮಾಡುವುದಕ್ಕೂ ಏನೂ ಇರಲಿಲ್ಲ. ಜಯಸಿಂಹ, ನನ್ನ ಗಂಡ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಉಸ್ತುವಾರಿ. ರಜೆಯ ದಿನ ಪೇಪರ್ ಹಿಡಿದು, ಫ್ಯಾನಿನ ಸದ್ದಿನಿಂದ ತಮ್ಮ ಮಣಿ ಹೆಣೆದು ಕೊಡುವ ಯಾವುದೋ ಸಂಗೀತಕ್ಕೆ ತಲೆದೂಗುತ್ತ ಕುಳಿತುಬಿಡುತ್ತಾರೆ. ನಾನು ಹೊರಟದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ.

ಗಿರಣಿಯ ಮಹಡಿಯಲ್ಲಿ ಒಂದು ಜಮಖಾನ, ಒಂದು ಶ್ರುತಿಪೆಟ್ಟಿಗೆ, ಕೇಳಲು ನನ್ನನ್ನೂ ಸೇರಿಸಿ ಎಂಟು ಜನ. ತಿಮ್ಮರಾಯಪ್ಪನವರು ಶುರು ಮಾಡಿದರು. ಅಬ್ಬಾ! ಏನು ಕಂಠ ಅದು! ಮೋಹನ ರಾಗ. ಹಿಂದೆ ಎಲ್ಲೋ ಕೊಳಲು ಬೇರೆ ಸೇರಿಕೊಂಡಿತು. ನನ್ನ ಕಣ್ಣಲ್ಲಿ ನೀರು ಬಂತು. ಇಂಥವರನ್ನು ಅಂಚೆ ಕಚೇರಿಗೆ ಕಳಿಸಲು ಹೊರಟೆನಲ್ಲ ಎಂದು ನಾಚಿಕೆಯಾಯಿತು.

ಆಮೇಲೆ ಅವರು ಹೇಳಿದ್ದು ನೆನಪಾಗಿ ಕೈಗಳನ್ನು ನೋಡಿದೆ.

ನಮ್ಮ ಕಡೆ ಸಂಗೀತ ಕೇಳುವವರು ಸುಮ್ಮನೆ ಕೂರುವುದಿಲ್ಲವಲ್ಲ, ತೊಡೆಯ ಮೇಲೆ ತಾಳ ಹಾಕುತ್ತಾರೆ. ನಮ್ಮಜ್ಜಿ ನನಗೆ ಐದನೇ ವಯಸ್ಸಿಗೇ ಕಲಿಸಿದ್ದಳು: ಅಂಗೈಯಿಂದ ಒಂದು ಪೆಟ್ಟು, ಕಿರುಬೆರಳಿಂದ ಮೂರು ಬೆರಳಿನ ಎಣಿಕೆ, ಮತ್ತೆ ಪೆಟ್ಟು, ಕೈ ತಿರುವು, ಪೆಟ್ಟು, ತಿರುವು. ಎಂಟಾಯಿತು. ಅದು ಆದಿತಾಳ. ತಪ್ಪಿದರೆ ಕಿವಿ ಹಿಂಡುತ್ತಿದ್ದಳು. ಆಗಿನ ಕಾಲದಲ್ಲಿ ಒಂದು ಕಛೇರಿಯಲ್ಲಿ ಇನ್ನೂರು ಜನ ಕುಳಿತಿದ್ದರೆ ಇನ್ನೂರು ಕೈ ಒಟ್ಟಿಗೆ ಬೀಳುತ್ತಿತ್ತು, ಒಟ್ಟಿಗೆ ಏಳುತ್ತಿತ್ತು.

ಇಲ್ಲಿ ಎಂಟು ಕೈಗಳೂ ಎಂಟು ಹೊತ್ತಿಗೆ ಬೀಳುತ್ತಿದ್ದವು. ಮುಂದೆ ಕುಳಿತ ಹೆಂಗಸು ಐದರ ಲೆಕ್ಕದಲ್ಲಿದ್ದಳು. ಗೋಡೆಗೆ ಒರಗಿದ್ದವನು ಏಳರಲ್ಲಿದ್ದ. ಒಬ್ಬರಂತೂ ಎಷ್ಟು ನಿಧಾನವಾಗಿ ಎಂದರೆ ಕೈ ಎತ್ತಿ ಮರೆತುಬಿಟ್ಟಿದ್ದರೇನೋ ಅನಿಸಿತು. ನನ್ನ ಕೈ ನೋಡಿಕೊಂಡೆ. ಆರರಲ್ಲಿ ಹೊಡೆಯುತ್ತಿತ್ತು. ತಿಮ್ಮರಾಯಪ್ಪನವರ ಕೈ ಮಾತ್ರ ಒಂದೇ ಸಮನೆ ಎಂಟು ಎಣಿಸುತ್ತಿತ್ತು. ಎಲ್ಲರೂ ತಲೆದೂಗುತ್ತಿದ್ದರು, ಒಬ್ಬರೂ ಅವರ ಜೊತೆಗಿರಲಿಲ್ಲ. ಅವರು ಹಾಡುತ್ತಲೇ ನನ್ನ ಕಡೆ ನೋಡಿದರು. ನೋಡಿದೆಯಾ, ಎಂದು ಕೇಳುವ ಹಾಗಿತ್ತು ಆ ನೋಟ. ನಾನು ಕೈ ಮಡಿಚಿಟ್ಟುಕೊಂಡೆ. ನನಗೆ ಭಯವಾಯಿತು.

ಸೋಮವಾರ ಬೆಳಗ್ಗೆ ನಿಯಂತ್ರಣ ಕೊಠಡಿಯಲ್ಲಿ ಭಾನುವಾರದ ದಾಖಲೆ ತೆರೆದೆ. ಒಂದೇ ಕೋಣೆ, ಒಂದೇ ಗಳಿಗೆ, ಎಂಟು ಮಣಿ. ಪರದೆಯ ಮೇಲೆ ಎಂಟು ಗೆರೆ ಎಂಟು ದಾರಿ ಹಿಡಿದಿದ್ದವು. ಒಬ್ಬರಿಗೆ ಜೋಗುಳ, ಒಬ್ಬರಿಗೆ ಭಜನೆ, ಒಬ್ಬರಿಗೆ ಬರೀ ವೀಣೆ. ನನಗೆ ಮೋಹನ, ಯಾಕೆಂದರೆ ಆ ಹೊತ್ತಿಗೆ ನನ್ನ ನಾಡಿ ಬೇಸತ್ತ ನಾಡಿ, ಅದಕ್ಕೆ ಮೋಹನ ಹಿತ. ತಿಮ್ಮರಾಯಪ್ಪನವರು ನಿಜಕ್ಕೂ ಹಾಡಿದ್ದು ಏನು ಎಂದು ಹುಡುಕಿದೆ. ಅದು ದಾಖಲೆಯಲ್ಲೇ ಇಲ್ಲ. ಬಿಚ್ಚಿದ ಮೇಲೆ ಮೂಲವನ್ನು ಮಣಿ ಇಟ್ಟುಕೊಳ್ಳುವುದಿಲ್ಲ, ಯಾರಿಗೂ ಬೇಡವಾದದ್ದಕ್ಕೆ ಜಾಗ ಯಾಕೆ ಎಂದು.

ಒಂಬತ್ತು ವರ್ಷದಿಂದ ಈ ಕುರ್ಚಿಯಲ್ಲಿ ಕುಳಿತಿದ್ದೇನೆ. ಒಂದು ದಿನವಾದರೂ ಇದು ಹೊಳೆಯಲಿಲ್ಲವಲ್ಲ ನನಗೆ.

ಅವತ್ತು ಸಂಜೆ ಊಟಕ್ಕೆ ಕುಳಿತಾಗ ಜಯಸಿಂಹ ಎಡಗೈಯಿಂದ ಮೇಜಿನ ಅಂಚಿಗೆ ತಾಳ ಹಾಕುತ್ತಿದ್ದರು.

"ಏನು ಕೇಳ್ತಾ ಇದ್ದೀರಿ?"

"ಏನೋ ಒಂದು. ಚೆನ್ನಾಗಿದೆ."

"ನನಗೂ ಒಂಚೂರು ಹಾಡಿ ತೋರಿಸಿ."

"ಇದೇನೇ ಹೊಸ ವರಸೆ?" ಎಂದು ನಕ್ಕರು. ಆದರೂ ಹಾಡಿದರು. ಕೇಳಿದರೆ ಜೇನು ಸುರಿದ ಹಾಗಿತ್ತು.

ಮದುವೆಯಾದ ಹೊಸದರಲ್ಲಿ ಈ ಮನುಷ್ಯ ಸ್ನಾನದ ಮನೆಯಲ್ಲಿ ಹಾಡುತ್ತಿದ್ದರು. ಶ್ರುತಿ ಒಂದು ಕಡೆ, ಇವರು ಒಂದು ಕಡೆ. ನಾನು ಅಡುಗೆ ಮನೆಯಿಂದ "ಸಾಕು ಮಾರಾಯ್ರೇ, ಹಾಲು ಒಡೆದು ಹೋಗುತ್ತೆ" ಎಂದು ಕೂಗುತ್ತಿದ್ದೆ. ಅವರು ಬೇಕೆಂದೇ ಇನ್ನೂ ಜೋರಾಗಿ ಹಾಡುತ್ತಿದ್ದರು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಹನ್ನೊಂದು ವರ್ಷದಿಂದ ಅವರು ಚೆನ್ನಾಗಿಯೇ ಹಾಡುತ್ತಿದ್ದಾರೆ, ನಾನು ಒಂದು ಸಲವೂ ನಕ್ಕಿಲ್ಲ. ತಟ್ಟೆಯ ಮುಂದೆ ಕುಳಿತೇ ನನಗೆ ಅಳು ಬಂತು. ಖಾರ ಜಾಸ್ತಿಯಾಯಿತೇನೇ, ಎಂದು ಅವರು ನೀರಿನ ಲೋಟ ಮುಂದಕ್ಕೆ ತಳ್ಳಿದರು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಸಿಬ್ಬಂದಿ ವರ್ಷಕ್ಕೊಮ್ಮೆ ತಮ್ಮ ಮಣಿಯನ್ನು 'ಪರೀಕ್ಷಾ ಸ್ಥಿತಿ'ಗೆ ಹಾಕಿ ನೋಡಬೇಕು. ನಲವತ್ತು ನಿಮಿಷ ಗದ್ದಲದ ತಡೆ, ಹೊಂದಿಕೆ ಎರಡೂ ಪೂರ್ತಿ ನಿಲ್ಲುತ್ತವೆ, ಆಮೇಲೆ ತಾವಾಗಿಯೇ ಶುರುವಾಗುತ್ತವೆ. ನಾವೆಲ್ಲ ಅದನ್ನು ಮುಚ್ಚಿದ ಕೋಣೆಯಲ್ಲಿ, ಪೀಂ ಪೀಂ ಎನ್ನುವ ಯಂತ್ರದ ಸದ್ದು ಕೇಳಿ ಮುಗಿಸಿಬಿಡುತ್ತಿದ್ದೆವು. ಮುಚ್ಚಿದ ಕೋಣೆಯಲ್ಲೇ ಮಾಡಬೇಕು ಎಂದು ನಿಯಮದಲ್ಲಿ ಎಲ್ಲೂ ಇಲ್ಲ. ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ. ಈ ವರ್ಷದ ನನ್ನ ಸರದಿ ಇನ್ನೂ ಬಾಕಿಯಿತ್ತು.

ಮೂವತ್ತನೇ ತಾರೀಖು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ತಿಮ್ಮರಾಯಪ್ಪನವರ ಮನೆಗೆ ಹೋದೆ. ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಯ ಮೂಲೆ. ಗೋಡೆಗೆ ಇಳಿಜಾರಾಗಿ ಹಳೆಯ ನಕಾಶೆ ಹಲಗೆ ನಿಲ್ಲಿಸಿ, ಅದರ ಮೇಲೆ ಹಾಳೆ ಚುಚ್ಚಿದ್ದರು.

"ಮೇಡಂ, ನೀವಾ?"

"ಮೇಡಂ ಅನ್ಬೇಡಿ. ನಲವತ್ತು ನಿಮಿಷ ಇದೆ. ಯಾವ ಕೀರ್ತನೆ ಅಂತ ಬೇಗ ಹೇಳಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಫಿ ಕೊಡ್ತೀನಿ ಎಂದು ಎದ್ದವರನ್ನು ಗದರಿ ಕೂರಿಸಿದೆ. ಕೀರ್ತನೆಯ ಹಾಳೆಯನ್ನು ನನ್ನ ಮುಂದೆ ಇಟ್ಟರು. ಸಹಾನ ರಾಗ, ಆದಿತಾಳ. ಅವರೇ ಕಟ್ಟಿದ ಸಾಹಿತ್ಯ, 'ನಿಂತು ಹೋಗಯ್ಯ ಅರೆಗಳಿಗೆ'. ಕೊನೆಯಲ್ಲಿ ಅಂಕಿತ, ನಮ್ಮೂರ ಬೆಟ್ಟದ ಅಂತರಗಂಗೆಯ ಹೆಸರಿನಲ್ಲಿ.

"ಪಲ್ಲವಿ ಎತ್ತೋದು ಸ್ವಲ್ಪ ಕಷ್ಟ" ಅಂದರು. "ಮೊದಲನೇ ಪೆಟ್ಟಿಗೆ ಎತ್ತಬಾರ್ದು. ಪೆಟ್ಟು ಬಿದ್ದ ಮೇಲೆ ಅರ್ಧ ಎಣಿಕೆ ಬಿಡ್ಬೇಕು, ಆಮೇಲೆ ಹಾಡು. ಆ ಅರ್ಧ ಎಣಿಕೆ ಖಾಲಿ ಇದ್ರೇನೇ ಈ ಕೀರ್ತನೆಗೆ ಜೀವ."

ಹಾಳೆಯಲ್ಲೂ ಹಾಗೇ ಇತ್ತು. ಕೆಂಪು ಗೆರೆಯಾದ ಮೇಲೆ ಅರ್ಧ ಚೌಕ ಖಾಲಿ, ಅದರಲ್ಲಿ ಒಂದು ಸಣ್ಣ ಚುಕ್ಕೆ.

ಕಿವಿಯ ಹಿಂದೆ ಒತ್ತಿ ಮಣಿಯನ್ನು ಪರೀಕ್ಷಾ ಸ್ಥಿತಿಗೆ ಹಾಕಿದೆ.

ಹೆದರಿಬಿಟ್ಟೆ. ಬೀದಿಯಲ್ಲಿ ಲಾರಿಯೊಂದು ಗೇರು ಬದಲಿಸಿತು, ಎದೆಯ ಮೇಲೇ ಹತ್ತಿದ ಹಾಗಾಯಿತು. ಯಾರ ಮನೆಯಲ್ಲೋ ಪಾತ್ರೆ ಬಿತ್ತು. ನನ್ನ ಉಸಿರು ನನಗೇ ಇಷ್ಟು ಒರಟೇ ಅನಿಸಿತು. ಶ್ರುತಿಪೆಟ್ಟಿಗೆ ಗೊರಗೊರ ಎಂದು ಗಾಳಿ ಎಳೆಯಿತು. ತಿಮ್ಮರಾಯಪ್ಪನವರು ಕಣ್ಣು ಮುಚ್ಚಿ ಹಾಡಿದರು.

ಇದ್ದದ್ದು ಇದ್ದ ಹಾಗೆ ಹೇಳಬೇಕು. ಕಂಠ ಚೆನ್ನಾಗಿರಲಿಲ್ಲ. ಮೇಲಿನ ಸ್ವರಕ್ಕೆ ಹೋದರೆ ಒಡೆಯುತ್ತಿತ್ತು, ಕೆಳಗಿಳಿದರೆ ಗಾಳಿಯಷ್ಟೇ ಬರುತ್ತಿತ್ತು. ಕೀರ್ತನೆಯೂ ಮಹಾ ಕೀರ್ತನೆಯೇನಲ್ಲ, ಅನುಪಲ್ಲವಿ ಎಳೆದಾಡಿತು. ಆದರೆ ಚರಣದಲ್ಲಿ ಒಂದು ಕಡೆ, ಗಾಂಧಾರದ ಮೇಲೆ ಸುಮ್ಮನೆ ನಿಂತು ಹಿಂದಿರುಗಿ ನೋಡುವಂತೆ ಒಂದು ತಿರುವಿತ್ತು. ಅದನ್ನು ಯಾವ ಮಣಿಯೂ ಹೆಣೆಯಲಾರದು. ಅದು ಒಂಟಿಯಾಗಿ ಬಹಳ ವರ್ಷ ಕಳೆದವರು ಮಾತ್ರ ಮಾಡಬಹುದಾದ ತಿರುವು. ನನ್ನ ಮೈ ಜುಮ್ಮೆಂದಿತು. ಕೈ ತಾನಾಗಿಯೇ ತೊಡೆಗೆ ಹೋಗಿ ಆದಿತಾಳ ಹಿಡಿಯಿತು. ಪೆಟ್ಟು, ಮೂರು ಬೆರಳು, ಪೆಟ್ಟು, ತಿರುವು, ಪೆಟ್ಟು, ತಿರುವು. ಅವರ ಕೈ, ನನ್ನ ಕೈ, ಒಟ್ಟಿಗೆ.

ಚರಣ ಮುಗಿಸಿ ಅವರು ಪಲ್ಲವಿಗೆ ಬಂದರು.

"ನಿಲ್ಲಿಸಿ" ಅಂದೆ.

ಅವರು ಕಣ್ಣು ಬಿಟ್ಟರು.

"ಬೇಗ ಎತ್ತಿದ್ರಿ."

"ಏನು?"

"ಪಲ್ಲವಿ. ಅರ್ಧ ಎಣಿಕೆ ಬಿಡ್ಲಿಲ್ಲ ನೀವು. ನೇರ ಪೆಟ್ಟಿಗೇ ಎತ್ತಿಬಿಟ್ರಿ."

"ಛೆ ಛೆ, ಇಲ್ಲಮ್ಮಾ. ನಾನೇ ಬರೆದದ್ದು."

"ಬರೆದದ್ದು ಸರಿಯಾಗೇ ಇದೆ. ಹಾಡಿದ್ದು ಸರಿಯಿಲ್ಲ. ಶುರುವಿನಲ್ಲಿ ಸರಿಯಾಗಿ ಎತ್ತಿದ್ರಿ. ಚರಣದಿಂದ ವಾಪಸ್ ಬರುವಾಗ ಆತುರ ಬೀಳ್ತೀರಿ. ಸಾಲಿನ ಕೊನೆಯಲ್ಲಿ ಅರ್ಧ ಎಣಿಕೆ ಮಿಗುತ್ತೆ, ಅದನ್ನ ಎಳೆದು ಮುಚ್ತೀರಿ. ಮತ್ತೆ ಹಾಡಿ ನೋಡಿ."

ಅವರಿಗೆ ಸಿಟ್ಟು ಬಂದಿತ್ತು. ಮೂಗು ಕೆಂಪಾಗಿತ್ತು. ಮತ್ತೆ ಚರಣ ಹಾಡಿದರು, ಮತ್ತೆ ಅಲ್ಲೇ ಎಡವಿದರು. ಈ ಸಲ ಕೈ ಪೆಟ್ಟಿನ ಮೇಲೆ ನಿಲ್ಲಿಸಿ ಅವರನ್ನೇ ನೋಡಿದೆ. ಅವರು ನನ್ನ ಕೈ ನೋಡಿದರು, ಹಾಳೆ ನೋಡಿದರು, ಮತ್ತೆ ಕೈ ನೋಡಿದರು.

"ಹೌದಲ್ಲ!" ಅಂದರು.

ಆಮೇಲೆ ಅವರು ನಕ್ಕ ನಗುವಿದೆಯಲ್ಲ, ಅಂಥದ್ದು ನಾನು ನೋಡಿರಲಿಲ್ಲ. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

"ಹನ್ನೊಂದು ವರ್ಷ ಆಯ್ತಮ್ಮಾ. ಪ್ರತಿ ಭಾನುವಾರ ಹಾಡ್ತಾ ಬಂದೆ. ವಾಹ್ ಅಂದ್ರು, ಭೇಷ್ ಅಂದ್ರು, ಶಾಲು ಹೊದಿಸಿದ್ರು. ತಪ್ಪು ಅಂತ ಒಬ್ಬರೂ ಹೇಳ್ಲಿಲ್ಲ. ನಮ್ಮ ಗುರುಗಳು ಹೋದ ಮೇಲೆ ನನ್ನ ತಪ್ಪು ಹಿಡಿದವರು ನೀವೇ ಮೊದಲು."

"ಅನುಪಲ್ಲವಿ ಕೂಡ ಉದ್ದವಾಯ್ತು" ಅಂದೆ.

"ಅದನ್ನೂ ಹೇಳಿ, ಎಲ್ಲಿ ಹೇಳಿ" ಎಂದು ಪೆನ್ನು ತೆಗೆದುಕೊಂಡರು.

ಹಾಳೆಯ ಮೇಲೆ ಒಂದು ಸಾಲು ಹೊಡೆದು ಹಾಕಿದೆವು. ಅವರು ವಾದಿಸಿದರು, ನಾನು ಬಿಡಲಿಲ್ಲ. ಮತ್ತೆ ಹಾಡಿದರು. ಈ ಸಲ ಚರಣ ಮುಗಿಯಿತು, ಪೆಟ್ಟು ಬಿತ್ತು, ಇಬ್ಬರೂ ಉಸಿರು ಬಿಗಿಹಿಡಿದೆವು, ಆ ಅರ್ಧ ಎಣಿಕೆ ಖಾಲಿ ಉಳಿಯಿತು. ಆಮೇಲೆ ಪಲ್ಲವಿ. ಕೀರ್ತನೆ ಬಾಗಿಲು ತೆರೆದ ಹಾಗೆ ತೆರೆದುಕೊಂಡಿತು. ಅವರೇ ಹೇಳಿದ್ದ ಜೀವ ಅದರಲ್ಲಿತ್ತು. ನಾನು ಅದನ್ನು ಕೇಳಿದೆ. ನನ್ನ ಎರಡೂ ಕಿವಿಯಿಂದ ಕೇಳಿದೆ.

"ಇನ್ನೊಂದ್ಸಲ" ಅಂದೆ.

ಇನ್ನೊಂದು ಸಲ ಎತ್ತಿ ಎರಡು ಸಾಲು ಹಾಡಿರಬೇಕು, ಇದ್ದಕ್ಕಿದ್ದ ಹಾಗೆ ಅವರ ಕಂಠ ತುಂಬಿಕೊಂಡಿತು. ಬಿರುಕುಗಳೆಲ್ಲ ಮುಚ್ಚಿ ನುಣುಪಾಯಿತು, ಹಿಂದಿನಿಂದ ಕೊಳಲು ಬಂತು. ಲಾರಿಗಳು ಸುಮ್ಮನಾದವು. ನನ್ನ ಮುಖ ನೋಡಿಯೇ ಅವರು ನಿಲ್ಲಿಸಿದರು.

"ಹೋಯ್ತಾ?"

"ಹೋಯ್ತು" ಅಂದೆ.

ಆಮೇಲೆ ಅವರು ಎದ್ದು ಕಾಫಿ ಮಾಡಿದರು.

ಮರುದಿನ ಹನ್ನೊಂದು ಗಂಟೆಗೆ ಒಳಗಿನ ಕೋಣೆಯಲ್ಲಿ ಅವರಿಗೆ ಮಣಿ ಅಂಟಿಸಿದರು. ನಾನು ಅಲ್ಲಿಗೆ ಹೋಗಲಿಲ್ಲ, ಹೋಗಲಾಗಲಿಲ್ಲ. ಮಧ್ಯಾಹ್ನ ಕಿಟಕಿ ತೆರೆದಾಗ ಸಾಲಿನಲ್ಲಿ ಆರನೆಯವರಾಗಿ ನಿಂತಿದ್ದರು. ಕಿವಿಗಳಲ್ಲಿ ಹತ್ತಿ ಇರಲಿಲ್ಲ, ಬಲಗಿವಿಯ ಹಿಂದೆ ಸಣ್ಣದೊಂದು ಪಟ್ಟಿ ಇತ್ತು. ಅವರ ಸರದಿ ಬಂತು.

"ಹಾಡಿ ನೋಡಿದ್ರಾ?"

"ನೋಡಿದೆ." ಅವರು ತಲೆ ತಗ್ಗಿಸಿದರು. "ತುಂಬಾ ಚೆನ್ನಾಗಿ ಹಾಡ್ತೀನಂತಮ್ಮಾ ನಾನು. ನನ್ನ ಗುರುಗಳಿಗಿಂತ ಚೆನ್ನಾಗಿ."

ಅವರಿಗೆ ಇನ್ನೇನೂ ದೂರು ಇದ್ದಂತಿರಲಿಲ್ಲ, ಆದರೆ ಅವರು ಅಲ್ಲಿಂದ ಕದಲಲಿಲ್ಲ. ಹಿಂದಿನವರು ಗೊಣಗತೊಡಗಿದರು.

ನಾನು ಕಿಟಕಿಯ ಕಟ್ಟೆಯ ಮೇಲೆ ಅಂಗೈಯಿಂದ ಒಂದು ಪೆಟ್ಟು ಹಾಕಿದೆ. ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಆ ಪೆಟ್ಟಿನ ಸದ್ದು ನನ್ನ ಮಣಿಯೊಳಗೆ ಏನಾಯಿತೋ, ಅವರ ಮಣಿಯೊಳಗೆ ಏನಾಯಿತೋ, ಯಾರಿಗೆ ಗೊತ್ತು? ಕಣ್ಣಿಗೆ ಮಾತ್ರ ಇನ್ನೂ ಮಣಿ ಹಾಕಿಲ್ಲವಲ್ಲ. ಅವರು ನನ್ನ ಕೈಯನ್ನೇ ನೋಡುತ್ತ ನಿಂತರು. ಎರಡನೇ ಸುತ್ತಿಗೆ ಅವರ ಕೈಯೂ ಕಟ್ಟೆಯ ಮೇಲೆ ಬಂದು ನನ್ನ ಕೈಯ ಜೊತೆಗೇ ಬಿತ್ತು, ಜೊತೆಗೇ ತಿರುಗಿತು.

ಮೂರನೇ ಸುತ್ತಿನ ಪೆಟ್ಟು ಬಿತ್ತು. ಅವರ ತುಟಿ ಮುಚ್ಚಿಯೇ ಇತ್ತು. ಅರ್ಧ ಎಣಿಕೆ ಕಳೆಯಿತು. ಆಮೇಲೆ ತುಟಿ ಪಲ್ಲವಿಗೆ ತೆರೆಯಿತು.

"ಸರಿಯಾಗಿದೆ" ಅಂದೆ.